ಒಡಪಿನ ಮೊದಲಕ್ಷರಗಳು

"ಪಾಸ್‌ವರ್ಡ್‌ಗೆ ಎಂಥ ಅಕ್ಷರ ಆರಿಸ್ಕೋಬೇಕು ದೊಡ್ಡಮ್ಮ? ಗಟ್ಟಿಯಾಗೂ ಇರ್ಬೇಕು, ನಂಗೆ ಮರೆತೂ ಹೋಗ್ಬಾರ್ದು."

ತನುಜಾ, ನೀನು ಕೇಳಿದ್ದು ಇಷ್ಟೇ. ಇದಕ್ಕೆ ಒಂದು ಕತೆ ಹೇಳಬೇಕಾಗುತ್ತದೆ. ಮೊದಲು ಬಾಗಿಲು ಮುಂದೆ ಮಾಡಿ ಬಾ. ಇನ್ನೂ ಹತ್ತಿರ ಕೂಡು. ಆ ಗೋಡೆಯ ಕಡೆ ಮುಖ ಮಾಡಬೇಡ, ಈ ಕಡೆ ತಿರುಗು. ದನಿ ಇಷ್ಟೇ ಇರಲಿ.

ನಾನು ಹೇಳುವುದು ಈ ಪಡಸಾಲೆ ದಾಟಬಾರದು. ನಿನ್ನ ಅತ್ತೆಗೆ ಹೇಳಬೇಡ. ಅವಳಿಗೆ ಗೊತ್ತಿದೆ, ಆದರೆ ನನ್ನ ಬಾಯಿಂದ ಬಂತು ಎಂಬುದು ಗೊತ್ತಾಗಬಾರದು. ಗಂಡನಿಗೂ ಹೇಳಬೇಡ. ಗಂಡಸರು ಚಹಾದಂಗಡಿಗೆ ಹೋಗಿ ಎಲ್ಲಾ ಬಿಚ್ಚುತ್ತಾರೆ, ಹೆಸರು ಮಾತ್ರ ನಮಗೆ ಬರುತ್ತದೆ. ಆಣೆ ಇಡು ಎನ್ನುವುದಿಲ್ಲ. ನನ್ನ ಮುಂದೆ ಆಣೆ ಇಟ್ಟವರೆಲ್ಲ ಮೊದಲು ಹೇಳಿದವರೇ. ಸುಮ್ಮನೆ ತಲೆ ಆಡಿಸು. ಆಯಿತು.

ನಾಳೆ ನೀನು ಹೋಗುವ ಗ್ರಂಥಾಲಯದ ಕಂಪ್ಯೂಟರ್ ತರಗತಿಗೆ ಐದು ವರ್ಷದ ಹಿಂದೆ ನಾನು ಹೋಗಿದ್ದೆ. ಮೊದಲನೆಯ ತಂಡ. ಹನ್ನೊಂದು ಜನ ಹೆಂಗಸರು. ನಾನು ಕಲಿತದ್ದು ಎರಡನೆಯ ಇಯತ್ತೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಆ ಬೆಂಚಿನ ಮೇಲೆ ಕೂತು ಕಲಿತೆ. ಓದಿ ಉದ್ಧಾರ ಆಗಬೇಕೆಂದಲ್ಲ. ಯಾರು ಯಾರು ಬರುತ್ತಾರೆ, ಯಾಕೆ ಬರುತ್ತಾರೆ, ಅದು ನೋಡಬೇಕಾಗಿತ್ತು.

ಆ ಹನ್ನೊಂದರಲ್ಲಿ ಒಬ್ಬಳು ಬಳೆಗಾರ್ತಿ. ಹೆಸರು ಬೇಡ. ನನ್ನ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ ಎಂದರೆ ಸಾಕಲ್ಲ.

ಅವಳ ಗಂಡ ದೂರದ ಬಂದರಿಗೆ ಹೋಗಿದ್ದ, ಹಡಗಿಗೆ ಸರಕು ತುಂಬುವ ಕೆಲಸಕ್ಕೆ. ಮಕ್ಕಳಿಲ್ಲ. ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಸೊಸೆ ಮನೆಮನೆಗೆ ಹೋಗಿ ಬಳೆ ತೊಡಿಸುತ್ತಿದ್ದಳು. ಮದುಮಗಳ ಹಸಿರು ಬಳೆಯನ್ನು ಮುತ್ತೈದೆಯ ಕೈಯೇ ತೊಡಿಸಬೇಕು ಎಂಬುದು ನಮ್ಮ ಕಡೆಯ ನೇಮ. ಗಂಡ ಇದ್ದರೆ ಅವಳಿಗೆ ಕೆಲಸ. ಗಂಡ ಇಲ್ಲವಾದರೆ ಆ ಕೈಯನ್ನು ಯಾರೂ ಮುಟ್ಟುವುದಿಲ್ಲ. ಇದನ್ನು ನೆನಪಿಡು, ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ.

ಮನೆಗೆಲ್ಲ ಒಂದೇ ಫೋನು. ಅದು ಅತ್ತೆಯ ತಲೆದಿಂಬಿನ ಕೆಳಗೆ. ಮುದುಕಿಗೆ ಕಿವಿ ಮಂದ, ಮಗನ ದನಿಯನ್ನು ಓಣಿಗೆಲ್ಲ ಕೇಳುವ ಹಾಗೆ ಹಚ್ಚುತ್ತಿದ್ದಳು. ಅದರಲ್ಲಿ ಗಂಡಹೆಂಡತಿ ಏನು ಮಾತಾಡಿಯಾರು? ಊಟ ಆಯಿತೇ, ಬಿಸಿಲು ಹೇಗಿದೆ, ಅಷ್ಟು. ಅದಕ್ಕೇ ಅವಳು ಮೇಲ್ ಬರೆಯುವುದನ್ನು ಕಲಿಯಲು ಬಂದಳು. ಗಂಡನಿಗೆ ಅಲ್ಲಿ ಜೊತೆಗಾರನೊಬ್ಬ ಕಲಿಸಿದ್ದನಂತೆ. ಕೇಳದೆಯೇ ನನಗೆ ಇದೆಲ್ಲ ತಿಳಿಯಿತು.

ಮೂರನೆಯ ದಿನ ಪಾಸ್‌ವರ್ಡಿನ ಪಾಠ. ಟೀಚರ್ ಕರಾವಳಿಯ ಹುಡುಗಿ, ಪುಸ್ತಕದ ಹಾಗೆ ಮಾತಾಡುವವಳು.

"ನಿಮ್ಮ ಹೆಸರು ಹಾಕಬಾರದು. ಊರಿನ ಹೆಸರು ಬೇಡ. ಹುಟ್ಟಿದ ವರ್ಷ ಬೇಡ. ಒಂದು ಎರಡು ಮೂರು ನಾಲ್ಕು ಎಂದು ಸಾಲಾಗಿ ಹಾಕಲೇಬಾರದು."

ಹಿಂದಿನ ಬೆಂಚಿನಿಂದ ನೀಲಗಂಗವ್ವ ಎದ್ದಳು. "ಹಂಗಾರ ಏನ್ ಉಳೀತ್ರಿ ಟೀಚರ್ರ? ನಮ್ಮ ಕಡೆ ಇರೋದ ಅಷ್ಟು."

ಎಲ್ಲರೂ ನಕ್ಕರು. ಒಬ್ಬಳು ತಾನು ವೀರಭದ್ರದೇವರ ಹೆಸರು ಹಾಕುತ್ತೇನೆ, ಅವನೇ ಕಾಯಲಿ ಎಂದಳು. ದೇವರ ಹೆಸರು ಕಳ್ಳನಿಗೂ ಗೊತ್ತಿರುತ್ತದೆ ಎಂದಳು ಟೀಚರ್. ಇನ್ನೊಬ್ಬಳು ಎಮ್ಮೆಯ ಹೆಸರು ಕೇಳಿದಳು. ಎಮ್ಮೆಯನ್ನು ದಿನಾ ಎಷ್ಟು ಸಲ ಕೂಗಿ ಕರೆಯುತ್ತೀರಿ ಎಂದು ಕೇಳಿದಳು ಟೀಚರ್. ಆಕೆ ಕೂತಳು.

ಆಮೇಲೆ ಟೀಚರ್ ಉಪಾಯ ಹೇಳಿಕೊಟ್ಟಳು.

"ಒಂದು ಸಾಲು ಆರಿಸಿಕೊಳ್ಳಿ. ಅದು ನಿಮ್ಮದೇ ಆಗಿರಬೇಕು. ಪುಸ್ತಕದಲ್ಲಿ ಇರಬಾರದು, ಹಾಡಿನಲ್ಲಿ ಇರಬಾರದು. ಪ್ರತಿ ಶಬ್ದದ ಮೊದಲನೆಯ ಅಕ್ಷರ ಮಾತ್ರ ಇಂಗ್ಲಿಷಿನಲ್ಲಿ ತೆಗೆದುಕೊಳ್ಳಿ. ಒಂದನ್ನು ದೊಡ್ಡಕ್ಷರ ಮಾಡಿ. ಕೊನೆಗೆ ಅಂಕಿ ಹಾಕಿ, ಒಂದು ಚಿಹ್ನೆ ಹಾಕಿ. ನೋಡಿದವರಿಗೆ ಅದು ಅರ್ಥವಿಲ್ಲದ ಅಕ್ಷರ. ನಿಮಗೆ ಮಾತ್ರ ಅದು ಮಾತು."

ತನುಜಾ, ಆ ಹುಡುಗಿ ಹೇಳಿದ್ದು ಸರಿಯಾಗಿಯೇ ಇತ್ತು. ಅವಳ ತಪ್ಪಿಲ್ಲ. ಈಗಲೂ ಯಾರಾದರೂ ಕೇಳಿದರೆ ನಾನು ಅದನ್ನೇ ಹೇಳುತ್ತೇನೆ. ಆದರೆ ಅವಳಿಗೆ ನಮ್ಮ ಸೀಮೆ ಗೊತ್ತಿರಲಿಲ್ಲ.

ನಿನಗೂ ಗೊತ್ತಿರಲಿಕ್ಕಿಲ್ಲ, ನಿನ್ನ ತವರು ತುಮಕೂರು ಕಡೆ. ನಮ್ಮಲ್ಲಿ ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ, ಹೆಸರು ಹೇಳಿದರೇ ಒಳಗೆ ಬಿಡುತ್ತೇವೆ ಎನ್ನುತ್ತಾರೆ. ಆಗ ಅವಳು ಎರಡು ಸಾಲು ಕಟ್ಟಿ, ಅದರ ನಡುವೆ ಹೆಸರು ಇಟ್ಟು ಹೇಳುತ್ತಾಳೆ. ಅದಕ್ಕೆ ಒಡಪು ಎನ್ನುತ್ತಾರೆ. ಒಬ್ಬೊಬ್ಬಳದು ಒಂದೊಂದು ಒಡಪು.

ಹನ್ನೊಂದು ಜನ ಹೆಂಗಸರು ತಲೆ ಬಗ್ಗಿಸಿ ಯೋಚಿಸಿದೆವು. ನಮ್ಮದೇ ಆದ ಸಾಲು ಎಂದರೆ ಯಾವುದು? ಹುಟ್ಟಿದ ಮೇಲೆ ನಾವು ನಾವಾಗಿ ಕಟ್ಟಿದ್ದು ಅದೊಂದೇ. ಮಗಳಿಗೆ ಹೇಳಿದ ಜೋಗುಳವೂ ನಮ್ಮ ಅವ್ವನದು. ಅಡುಗೆ ಅತ್ತೆಯದು. ಒಡಪು ಮಾತ್ರ ನಮ್ಮದು. ಅದೂ ಅಲ್ಲದೆ ಗಂಡನ ಹೆಸರಿಗೆ ಒಂದೇ ಅಕ್ಷರ ಒತ್ತಿದರೆ ಸಾಕು, ನಾಚಿಕೆಯೂ ಇಲ್ಲ. ಆ ಒಂದನ್ನೇ ದೊಡ್ಡಕ್ಷರ ಮಾಡಿದೆವು.

ಟೀಚರಿಗೆ ತಿಳಿಯದೆ ಹೋದದ್ದು ಇದು. ಒಡಪು ನಮ್ಮ ಸ್ವಂತದ ಸಾಲು, ನಿಜ. ಆದರೆ ಅದನ್ನು ಕಟ್ಟುವುದೇ ಊರು ಕೇಳಲಿ ಎಂದು.

ನಾನು ತಲೆ ಎತ್ತಿ ನೋಡಿದೆ. ಹತ್ತು ಬಾಯಿಗಳು ಸದ್ದಿಲ್ಲದೆ ಅಲ್ಲಾಡುತ್ತಿದ್ದವು. ಪಕ್ಕದಲ್ಲಿ ಬಳೆಗಾರ್ತಿ ಬೆರಳು ಮಡಚುತ್ತಿದ್ದಳು. ಒಂದು ಶಬ್ದಕ್ಕೆ ಒಂದು ಬೆರಳು. ಎರಡು ಕೈಯ ಹತ್ತೂ ಬೆರಳು ಮಡಚಿ ನಿಲ್ಲಿಸಿದಳು. ಅವಳ ಒಡಪಿನಲ್ಲಿ ಹತ್ತೇ ಶಬ್ದ.

"ಬೆಂಕಿ ಕುಡಿದು ಗಾಜು ಬಣ್ಣವಾಯ್ತು,
ಬಸಲಿಂಗಪ್ಪನವರ ಮಾತು ಕೇಳಿ ನನ್ನ ಸಿಟ್ಟು ಸಣ್ಣದಾಯ್ತು."

ಏನು ಮುಖ ನೋಡುತ್ತೀ? ಹೆಸರು ಹೇಳುವುದಿಲ್ಲ ಎಂದದ್ದು ಅವಳದು. ಗಂಡನದು ಅಲ್ಲ.

ಒಡಪನ್ನು ಒಂದು ಸಲ ಕೇಳಿದರೆ ನನಗೆ ಸಾಕು. ಈ ಓಣಿಯ ಮೂವತ್ತು ಮನೆಯ ಒಡಪು ನನಗೆ ಬಾಯಿಪಾಠ. ಸತ್ತವರದೂ ಬರುತ್ತದೆ.

ಟೀಚರ್ ನಮ್ಮ ಹನ್ನೊಂದು ಜನರ ಮೇಲ್ ವಿಳಾಸ ಬರೆದು ಗ್ರಂಥಾಲಯದ ಗೋಡೆಗೆ ಅಂಟಿಸಿದಳು, ನಾವು ಮರೆಯಬಾರದು ಎಂದು. ವಿಳಾಸ ಯಾರು ನೋಡಿದರೂ ತೊಂದರೆ ಇಲ್ಲ, ಪಾಸ್‌ವರ್ಡ್ ಮಾತ್ರ ಯಾರಿಗೂ ತಿಳಿಯಬಾರದು ಎಂದಳು. ತರಗತಿ ಮುಗಿಯಿತು. ಅವಳು ತನ್ನ ಊರಿಗೆ ಹೋದಳು. ಹಾಳೆ ಗೋಡೆಯ ಮೇಲೆ ಉಳಿಯಿತು.

ಬಳೆಗಾರ್ತಿ ವಾರಕ್ಕೆ ಎರಡು ಸಲ ಗ್ರಂಥಾಲಯಕ್ಕೆ ಹೋಗತೊಡಗಿದಳು. ಒಂದು ವರ್ಷ ಹೀಗೇ ನಡೆಯಿತು. ಆಮೇಲೆ ಅವಳ ಗಂಡ ಫೋನು ಮಾಡುವುದು ನಿಂತಿತು. ಹಡಗು ಹತ್ತಿದ್ದಾನೆ, ಸಮುದ್ರದ ಮೇಲೆ ಫೋನು ಹತ್ತುವುದಿಲ್ಲ, ಕಂಪ್ಯೂಟರಿನಲ್ಲಿ ಕಾಗದ ಬರುತ್ತದೆ ಎಂದಳು. ಮುದುಕಿ ನಂಬಿದಳು. ಊರು ನಂಬಿತು. ನಾನೂ ನಂಬಿದೆ, ಸುಳ್ಳೇಕೆ ಹೇಳಲಿ.

ಗ್ರಂಥಾಲಯದಿಂದ ಬಂದ ದಿನ ಅವಳು ಅತ್ತೆಯ ಮುಂದೆ ಕೂತು ಕಾಗದದಲ್ಲಿ ಬರೆದಿದ್ದನ್ನು ದೊಡ್ಡ ದನಿಯಲ್ಲಿ ಹೇಳುತ್ತಿದ್ದಳು. ಗೋಡೆಯ ಈ ಕಡೆ ನನಗೂ ಕೇಳುತ್ತಿತ್ತು. ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೋ ಅವ್ವಾ ಎಂದು ಬರೆದಿದ್ದಾನೆ. ಈ ಸಲ ಮೀನು ಬಹಳ ಕಂಡೆ ಎಂದು ಬರೆದಿದ್ದಾನೆ. ಮುದುಕಿ ನಗುತ್ತಿದ್ದಳು. ಮೀನಿನ ಹೆಸರು ಎತ್ತಿದರೆ ವಾಕರಿಕೆ ಬರುವ ನನ್ನ ಮಗ, ಮೀನು ನೋಡಿಕೊಂಡು ಕೂತಾನೆ ಎನ್ನುತ್ತಿದ್ದಳು.

ಹೀಗೆ ಮೂರು ವರ್ಷ.

ನನಗೆ ಅನುಮಾನ ಬಂದದ್ದು ನೀಲಗಂಗವ್ವನ ಮೊಮ್ಮಗಳ ಮದುವೆಯಲ್ಲಿ. ಬಳೆ ತೊಡಿಸಿ ಎದ್ದವಳನ್ನು ಹೆಂಗಸರು ತಡೆದರು.

"ನಿನ್ನ ಒಡಪು ಕೇಳಿ ಎಷ್ಟ್ ದಿನಾ ಆತವಾ. ಒಂದ್ ಹೇಳಿ ಹೋಗು."

"ಗಂಟ್ಲ ಕಟ್ಟೈತ್ರಿ," ಎಂದಳು.

"ಬೆಳಗಿಂದ ಬೀಗರ ಕೂಡ ಹರಟಿ ಹೊಡ್ಯಾಕ ಗಂಟ್ಲ ನೆಟ್ಟಗಿತ್ತು. ಗಂಡನ ಹೆಸರಿಗಷ್ಟ ಕಟ್ಟತೈತೇನ?" ಇದು ನಾನು ಅಂದದ್ದು.

ಅವಳು ನಕ್ಕಳು. ಬಿಡುವುದಿಲ್ಲ ಎಂದು ತಿಳಿದು ಶುರು ಮಾಡಿದಳು. ಬೆಂಕಿ ಕುಡಿದು ಗಾಜು ಬಣ್ಣವಾಯ್ತು ಎಂದಳು. ಅಲ್ಲಿಗೆ ನಿಂತಳು. ಎಲ್ಲರೂ ಕಾದೆವು. ಮುಂದಿನದು ಮರೆತಿದ್ದೇನೆ ಎಂದು ಬಳೆಯ ಗಂಟು ಎತ್ತಿಕೊಂಡು ಹೊರಟೇಹೋದಳು.

ಉಳಿದವರು ನಾಚಿಕೆ ಎಂದುಕೊಂಡರು. ನಾನು ಹಾಗೆ ಎಂದುಕೊಳ್ಳಲಿಲ್ಲ. ತನ್ನ ಒಡಪನ್ನು ಯಾವ ಹೆಂಗಸೂ ಮರೆಯುವುದಿಲ್ಲ. ಅದೂ ಹೆಸರು ಬರುವ ಜಾಗಕ್ಕೆ ಸರಿಯಾಗಿ. ಗಂಡ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದಾನೆ, ಇಲ್ಲವೇ ಇವಳಿಗೇ ಇನ್ನೊಬ್ಬನಿದ್ದಾನೆ ಎಂದುಕೊಂಡೆ. ಎರಡರಲ್ಲಿ ಯಾವುದು ಎಂದು ತಿಳಿಯುವ ತನಕ ನನಗೆ ಅನ್ನ ಇಳಿಯಲಿಲ್ಲ. ನಗಬೇಡ. ಕೆಲವರಿಗೆ ಹಾಗೆ.

ಮರುವಾರ ಮಧ್ಯಾಹ್ನ ಗ್ರಂಥಾಲಯಕ್ಕೆ ಹೋದೆ. ಅಲ್ಲಿ ಪುಸ್ತಕ ನೋಡಿಕೊಳ್ಳುವವನು ಊಟಕ್ಕೆ ಹೋಗಿದ್ದ. ಗೋಡೆಯ ಹಾಳೆ ನೋಡಿ ಅವಳ ವಿಳಾಸ ಒತ್ತಿದೆ. ಆಮೇಲೆ ಒಡಪನ್ನು ಬಾಯಲ್ಲಿ ಹೇಳುತ್ತ ಒಂದೊಂದೇ ಅಕ್ಷರ ಒತ್ತಿದೆ. ಬೆಂಕಿಗೆ ಬಿ, ಕುಡಿದುವಿಗೆ ಕೆ, ಗಾಜಿಗೆ ಜಿ. ಹೀಗೆ ಹತ್ತು. ಬಸಲಿಂಗಪ್ಪನವರಿಗೆ ದೊಡ್ಡ ಬಿ. ಅಂಕಿಗೆ ಅವಳ ಮದುವೆಯ ವರ್ಷ ಹಾಕಿದೆ, ಮುಂದೆ ಒಂದು ಚುಕ್ಕಿ. ತಪ್ಪು ಎಂದಿತು. ಮನೆಯ ಸಂಖ್ಯೆ ಹಾಕಿದೆ. ತಪ್ಪು.

ಕೈ ಹಿಂದೆ ತೆಗೆದುಕೊಂಡೆ. ನನ್ನ ಕೈಯಲ್ಲಿ ಅವಳೇ ತೊಡಿಸಿದ ಬಳೆ ಇದ್ದವು. ಆಗ ಹೊಳೆಯಿತು. ಬಳೆಗಾರರು ಕೈಯನ್ನು ಅಂಕಿಯಲ್ಲಿ ಹೇಳುತ್ತಾರೆ. ಎರಡು-ನಾಲ್ಕರ ಕೈ, ಎರಡು-ಆರರ ಕೈ, ಎರಡು-ಎಂಟರ ಕೈ. ಬರೆಯುವಾಗ ಎರಡು ಅಂಕಿಯ ನಡುವೆ ಒಂದು ಅಡ್ಡಗೀಟು ಹಾಕುತ್ತಾರೆ. ಅಂಕಿಗೆ ಅಂಕಿ, ಚಿಹ್ನೆಗೆ ಚಿಹ್ನೆ. ಅವಳದು ಸಣ್ಣ ಕೈ. ಎರಡು, ಅಡ್ಡಗೀಟು, ನಾಲ್ಕು.

ಬಾಗಿಲು ತೆರೆಯಿತು.

ಹದಿಮೂರು ಅಕ್ಷರ ತನುಜಾ. ದೂರದ ಕಳ್ಳನಿಗೆ ನೂರು ವರ್ಷ ಬೇಕು ಎಂದಿದ್ದಳು ಟೀಚರ್. ನನಗೆ ಮೂರು ಸಲ ಸಾಕಾಯಿತು.

ನಾನು ಕೂಡಿಸಿ ಕೂಡಿಸಿ ಓದುವವಳು. ಅವಳು ಕನ್ನಡದಲ್ಲಿಯೇ ಬರೆದಿದ್ದಳು. ಗಂಡನಿಂದ ಬಂದ ಕಾಗದ ಹುಡುಕಿದೆ. ಮೂರು ವರ್ಷದಿಂದ ಒಂದೂ ಇರಲಿಲ್ಲ. ಕೊನೆಗೆ ಬಂದದ್ದು ಬೇರೆ ಯಾರದೋ. ಅವನ ಜೊತೆಗಾರ ಬರೆದದ್ದು. ಜ್ವರ ಬಂತು, ಐದು ದಿನ ಆಸ್ಪತ್ರೆಯಲ್ಲಿದ್ದ, ಉಳಿಯಲಿಲ್ಲ. ನಿಮಗೆ ತಿಳಿಸುವ ದಾರಿ ಗೊತ್ತಾಗಲಿಲ್ಲ, ಇಲ್ಲಿಯೇ ನಾವು ನಾಲ್ಕು ಜನ ಸೇರಿ ಎಲ್ಲಾ ಮಾಡಿದೆವು, ಅವನ ಅಂಗಿಯ ಕಿಸೆಯಲ್ಲಿ ಈ ವಿಳಾಸ ಸಿಕ್ಕಿತು.

ಅದರ ಮೇಲೆ ಎಲ್ಲಾ ಅವಳು ಬರೆದವು. ಸತ್ತವನಿಗೆ. ವಾರಕ್ಕೆ ಎರಡು, ಮೂರು ವರ್ಷ. ಮರಳಿ ಒಂದು ಉತ್ತರವಿಲ್ಲ.

ಒಂದರಲ್ಲಿ ಹೀಗಿತ್ತು: "ಇವತ್ತ ಮೂರು ಕೈಗೆ ಬಳಿ ತೊಡಿಸಿದೆ. ಅತ್ತಿಯವರ ಮೊಣಕಾಲು ಬಾತೈತಿ. ನಿಮ್ಮ ಕಾಗದಾ ಅಂತ ಮನಿಗೆ ಹೋಗಿ ಅವರಿಗೆ ಏನ್ ಹೇಳ್ಲಿ? ನನಗ ಸಮುದ್ರದ ಸುದ್ದಿ ಎಲ್ಲಾ ತೀರಿ ಹೋದ್ವು."

ಇನ್ನೊಂದರಲ್ಲಿ: "ಊರಿಗೆಲ್ಲಾ ಸುಳ್ಳ ಹೇಳಾಕತ್ತೀನಿ. ಒಡಪಿನಾಗ ಸುಳ್ಳ ಹೇಳಾಕ ಆಗವಲ್ದು. ಇಲ್ಲಿ ಒಳಗ ಬರುವಾಗ ಒಂದು ದೊಡ್ಡಕ್ಷರ ಒತ್ತತೀನಿ. ನಿಮ್ಮನ್ನ ಕರದಂಗ ಆಗತೈತಿ."

ನಾನು ಅಲ್ಲಿಗೇ ಎದ್ದು ಬರಬೇಕಾಗಿತ್ತು. ಅಲ್ಲಿಗೆ ಎದ್ದಿದ್ದರೆ ಇವತ್ತು ನಿನಗೆ ಹೇಳಲು ಕತೆ ಇರುತ್ತಿರಲಿಲ್ಲ. ಇನ್ನೂ ಒಂದು ಓದಿದೆ. ಅದರಲ್ಲಿ ನಾನಿದ್ದೆ.

"ಉಳದವರ ಮುಂದ ಅಳು ನುಂಗಬೋದು. ಬಾಜೂ ಮನಿ ಅಕ್ಕಾರ ಮುಂದ ನುಂಗಿದ್ದೂ ಕಾಣತೈತಿ. ಅಕಿ ಓಣ್ಯಾಗ ಬಂದ್ರ ನಾ ಬಾಗಿಲಾ ಹಾಕ್ಕೋತೀನಿ."

ನನಗೆ ಸಿಟ್ಟು ಬಂತು. ಸತ್ತವನ ಮುಂದೆ ಕೂತು ನನ್ನ ಮೇಲೆ ಚಾಡಿ ಹೇಳುತ್ತಾಳಲ್ಲ ಎಂದುಕೊಂಡೆ. ಬರೆದದ್ದು ಸುಳ್ಳು ಎಂದು ಸಿಟ್ಟಲ್ಲ. ಅದೂ ನಿನಗೆ ತಿಳಿಯಲಿ.

ಸಿಟ್ಟಿನ ಹಿಂದೆಯೇ ಇನ್ನೊಂದು ಬಂತು. ಎಂಥ ಸುದ್ದಿ ಇದು. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಬಳೆ, ಗಂಡ ಸತ್ತು ಮೂರು ವರ್ಷ. ಆ ಕೈಯಿಂದ ನಮ್ಮ ಊರಿನ ಎಷ್ಟು ಹೆಣ್ಣುಮಕ್ಕಳು ಮದುವೆಯ ಹಸಿರು ಬಳೆ ತೊಟ್ಟರು? ದಾರಿಯುದ್ದಕ್ಕೂ ಮನೆ ಮನೆ ನೆನೆಸುತ್ತ ಬಂದೆ. ನಲವತ್ತೊಂದು. ಇಷ್ಟು ದೊಡ್ಡ ಸುದ್ದಿ ನನ್ನ ಜೀವಮಾನದಲ್ಲಿ ನನಗೆ ಮೊದಲು ಸಿಕ್ಕಿರಲಿಲ್ಲ. ಎದೆ ಹಗುರಾಗಿತ್ತು ಎಂದರೆ ನೀನು ನನ್ನ ಮುಖ ನೋಡುವುದಿಲ್ಲ. ಆದರೂ ಹೇಳುತ್ತೇನೆ, ಹಗುರಾಗಿತ್ತು.

ನೀಲಗಂಗವ್ವನ ಕಟ್ಟೆಯ ಮೇಲೆ ಕೂತೆ. ಒಬ್ಬಳಿಗೇ ಹೇಳಿದೆ.

"ಯಾರ ಮುಂದೂ ಬಾಯಿ ಬಿಡಬ್ಯಾಡ ಮತ್ತ."

"ನಾ ಯಾಕ ಬಿಡ್ಲೆವಾ. ಅಲ್ಲಾ, ನಮ್ಮ ಮೊಮ್ಮಗಳಿಗೂ ಅಕೀನ ತೊಡಿಸ್ಯಾಳಲ್ಲ?"

"ಅದಕ್ಕ ನಿನ್ನ ಮುಂದ ಹೇಳಿದೆ."

"ಛಲೋ ಮಾಡಿದಿ. ಯಾರ ಮುಂದೂ ಹೇಳಂಗಿಲ್ಲ ತಗೊ."

ನಾಲ್ಕನೆಯ ದಿನ ಅದು ಸಂತೆಯಲ್ಲಿತ್ತು. ನಾನು ಹೇಳದೆ ಇದ್ದದ್ದೂ ಅದಕ್ಕೆ ಸೇರಿತ್ತು. ಗಂಡನಿಗೆ ಅಲ್ಲಿ ಇನ್ನೊಂದು ಸಂಸಾರ ಇತ್ತು ಎಂದರು. ಇವಳೇ ಓಡಿಸಿದ್ದಳು ಎಂದರು. ಯಾರೂ ಅವಳ ಹತ್ತಿರ ಹೋಗಿ ಕೇಳಲಿಲ್ಲ. ಬಾಗಿಲಿಗೆ ಬಂದರೆ ಈ ಸಲ ಪೇಟೆಯಲ್ಲಿಯೇ ತೊಟ್ಟು ಬಂದೆವು ಎಂದರು. ಇನ್ನೊಂದು ಮನೆಯಲ್ಲಿ, ಮುಂದಿನ ಸಲ ನೋಡೋಣ ಎಂದರು. ಸೀಮಂತದ ಮನೆಯೊಂದರಲ್ಲಿ ಒಳಗಿದ್ದುಕೊಂಡೇ ಮನೆಯಲ್ಲಿ ಯಾರೂ ಇಲ್ಲ ಎಂದು ಹೇಳಿಸಿದರು. ಅವಳು ಗಂಟು ಹೊತ್ತುಕೊಂಡು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಹೋಗುವುದನ್ನು ನಾನು ಕಟ್ಟೆಯ ಮೇಲೆ ಕೂತು ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಅರ್ಥವಾಯಿತು. ತಿರುಗಿ ಮನೆಗೆ ಬಂದಳು.

ಅಷ್ಟಕ್ಕೇ ಮುಗಿದಿದ್ದರೆ ಒಂದು ರೀತಿ. ಮುದುಕಿಗೆ ಇನ್ನೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಸೊಸೆ ನೀರಿಗೆ ಹೋದಾಗ ದೂರದ ಸಂಬಂಧದ ಹೆಂಗಸೊಬ್ಬಳು ಬಂದಳು. ಮುದುಕಿಯ ಮುಂದೆ ಕೂತು ಸೆರಗು ಬಾಯಿಗೆ ಹಚ್ಚಿ ಅಳತೊಡಗಿದಳು. ಗೋಡೆಯ ಈ ಕಡೆ ನಾನು ರೊಟ್ಟಿ ತಟ್ಟುತ್ತಿದ್ದೆ. ಕೈ ನಿಲ್ಲಿಸಿದೆ.

"ಯಾಕವಾ, ಯಾರ ಸತ್ತಾರ?" ಎಂದು ಮುದುಕಿ ಕೇಳಿದಳು.

ಅವಳಿಗೆ ಕಿವಿ ಮಂದ ಎಂದು ಬಂದವಳು ಕೂಗಿ ಹೇಳಿದಳು. ಎರಡು ಸಲ ಹೇಳಬೇಕಾಯಿತು.

ಸೊಸೆ ಕೊಡ ಹೊತ್ತು ಬಂದಳು. ಮುದುಕಿ ಅಳಲಿಲ್ಲ, ಬೈಯಲಿಲ್ಲ. ಇಷ್ಟು ಕೇಳಿದಳು.

"ಯುಗಾದಿಗೆ ಹೋಳಿಗಿ ಮಾಡಿ ನನಗ ಉಣಿಸಿದೆಲ್ಲ. ಅವಾಗ ಅಂವ ಇದ್ನೇನ?"

"ಇಲ್ರಿ."

"ಅದರ ಹಿಂದಿನ ಯುಗಾದಿಗೆ?"

"ಇಲ್ರಿ ಅತ್ತಿ."

ಮಗ ಸತ್ತ ಮನೆಯಲ್ಲಿ ಮೂರು ವರ್ಷ ಹಬ್ಬದೂಟ ಉಂಡೆನಲ್ಲ ಎಂಬುದು ಆ ಮುದುಕಿಯ ಗಂಟಲಿಗೆ ಕೂತಿತು. ಆಮೇಲೆ ಸೊಸೆಯ ಕೈಯ ತುತ್ತು ಮುಟ್ಟಲಿಲ್ಲ. ನಾನು ಗಂಜಿ ಒಯ್ದೆ. ನನ್ನದನ್ನೂ ಮುಟ್ಟಲಿಲ್ಲ. ಮುಖ ಗೋಡೆಗೆ ಮಾಡಿ ಮಲಗಿದಳು. ಇಪ್ಪತ್ತೊಂದನೆಯ ದಿನ ಹೋದಳು. ಊರವರು ಮಣ್ಣಿಗೆ ಬಂದರು. ಬಂದು ಸೊಸೆಯನ್ನು ನೋಡಿದ ನೋಟ ನಿನಗೆ ನಾನು ಹೇಳುವುದಿಲ್ಲ.

ಸೊಸೆಯ ಕೈ ಬರಿದಾಯಿತು. ಅದನ್ನು ಊರೇ ಮುಂದೆ ನಿಂತು ಮಾಡಿಸಿತು.

ಒಂದು ತಿಂಗಳು ಕಳೆಯಿತು. ನನಗೆ ಒಂದು ಯೋಚನೆ ಹತ್ತಿತು. ಅವಳು ಈಗ ಪಾಸ್‌ವರ್ಡ್ ಬದಲಿಸಿರುತ್ತಾಳೆ. ಇಂಥ ಪೆಟ್ಟು ತಿಂದವಳು ಇನ್ನು ಎಂಥ ಅಕ್ಷರ ಹಾಕಿರಬಹುದು? ತೆಗೆಯಬೇಕೆಂದು ಅಲ್ಲ, ತೆಗೆಯಲು ಬರಬಾರದು ಎಂದೇ ನನ್ನ ಮನಸ್ಸಿನಲ್ಲಿತ್ತು. ಬರದೇ ಹೋದರೆ, ಹೋಗಲಿ, ಅವಳಿಗೆ ಇನ್ನೂ ಏನೋ ಉಳಿದಿದೆ ಎಂದು ನನಗೆ ಸ್ವಲ್ಪ ನಿದ್ದೆ ಬರುತ್ತಿತ್ತು. ಗ್ರಂಥಾಲಯಕ್ಕೆ ಹೋಗಿ ಅದೇ ಹದಿಮೂರು ಅಕ್ಷರ ಒತ್ತಿದೆ.

ತೆರೆಯಿತು.

ಎಲ್ಲಾ ಹಾಗೇ ಇತ್ತು. ಸಂತೆಯ ವಾರದಿಂದ ಈಚೆಗೆ ಒಂದು ಕಾಗದವೂ ಇರಲಿಲ್ಲ. ಅವಳು ಬರೆಯುವುದನ್ನು ಬಿಟ್ಟಿದ್ದಳು.

ಆ ದಿನ ಸಂಜೆ ಒಂದು ಬಟ್ಟಲು ಮಜ್ಜಿಗೆ ಹಿಡಿದು ಅವಳ ಬಾಗಿಲಿಗೆ ಹೋದೆ. ಬರಿಗೈಯಲ್ಲಿ ಹೋಗಲು ಧೈರ್ಯ ಬರಲಿಲ್ಲ. ಅವಳು ಪಡಸಾಲೆಯಲ್ಲಿ ಕೂತು ಹಗ್ಗಕ್ಕೆ ಪೋಣಿಸಿದ್ದ ಬಳೆಗಳನ್ನು ಬಿಚ್ಚಿ ಹುಲ್ಲಿನಲ್ಲಿ ಸುತ್ತುತ್ತಿದ್ದಳು. ಅಂಗಡಿಯವನಿಗೆ ಮರಳಿ ಕೊಡುವುದಕ್ಕೆ. ಸೋಮವಾರದಿಂದ ಹತ್ತಿ ಬಿಡಿಸುವ ಗಿರಣಿಗೆ ಕೂಲಿಗೆ ಹೋಗುತ್ತೇನೆ ಎಂದು ಯಾರಿಗೋ ಹೇಳಿದ್ದಳಂತೆ. ಈಗಲೂ ಅಲ್ಲಿಗೇ ಹೋಗುತ್ತಾಳೆ. ನೀನು ದಿನಾ ನೋಡುತ್ತೀ, ತಲೆಗೂದಲಲ್ಲಿ ಹತ್ತಿಯ ಎಳೆ ಅಂಟಿಸಿಕೊಂಡು ಬರುತ್ತಾಳಲ್ಲ, ಅವಳೇ.

ಕೂಡು ಎನ್ನಲಿಲ್ಲ. ನಾನೇ ಕೂತೆ. ಮಾತು ಎಲ್ಲಿಂದ ಹಿಡಿಯಬೇಕು ತಿಳಿಯಲಿಲ್ಲ. ಕೊನೆಗೆ ಟೀಚರಿನ ಹಾಗೆ ಪಾಸ್‌ವರ್ಡಿನ ಪಾಠವೇ ನನ್ನ ಬಾಯಿಗೆ ಬಂತು.

"ತಂಗೀ, ಒಂದ್ ಮಾತ ಹೇಳ್ತೀನಿ, ತಪ್ಪ ತಿಳೀಬ್ಯಾಡ. ನಿನ್ನ ಮೇಲ್‌ನ ಪಾಸ್‌ವರ್ಡ್ ಬದ್ಲಿ ಮಾಡು. ಒಡಪು ಅಂದ್ರ ಊರಿಗೆಲ್ಲಾ ಗೊತ್ತಿದ್ದ ಸಾಲು. ಯಾರೋ ಅದನ್ನ ಹಿಡದ ಒಳಗ ಹೊಕ್ಕಾರ. ಒಂದಕ್ಕೊಂದು ಸಂಬಂಧ ಇಲ್ಲದ ನಾಕ ಶಬ್ದ ಹುಡುಕು, ನಡುವ ಅಂಕಿ ಹಾಕು. ಯಾರಿಗೂ ಬರಲಾರದಂಥಾ ಅಕ್ಷರ ಆರಿಸ್ಕೊ."

ಯಾರೋ ಎಂದೆ. ನೋಡು, ಅಲ್ಲಿಯೂ ಹಾಗೆ ಎಂದೆ.

ಅವಳು ಕೈಯಲ್ಲಿದ್ದ ಹುಲ್ಲು ಕೆಳಗೆ ಇಟ್ಟಳು. ನನ್ನ ಮುಖವನ್ನು ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟೂ ಇರಲಿಲ್ಲ. ಬಳೆಯ ಅಳತೆ ಕೇಳುವಾಗಿನ ದನಿಯಲ್ಲೇ ಹೇಳಿದಳು.

"ನಿಮ್ಮ ಒಡಪೂ ನನಗ ಬರತೈತ್ರಿ ಅಕ್ಕಾರ. ನಾಕ ವರ್ಷದಾಗ ಒಂದ್ ಸಲಾನೂ ಅಕ್ಷರ ಹಾಕಿ ನೋಡ್ಲಿಲ್ಲ."